ಮೇಲೆ ಇನ್ನೊಬ್ಬ ಇದ್ದಾನೆ

ಕೊರೊನಾ ಗಲಾಟೆ ಮುಗಿದು ನಮ್ಮ ಕಾರ್ಖಾನೆ ಮೊದಲಿನ ಹಾಗೆ ಪೂರ್ತಿ ಶುರುವಾದ ಮರುವರ್ಷದ ಬೇಸಿಗೆ ಅದು. ಶಿಕಾರಿಪುರದ ಹೊರಗಿರುವ ಒಂದು ಪಶು ಆಹಾರದ ಕಾರ್ಖಾನೆಯಲ್ಲಿ ನಾನು ಕೆಲಸ ಮಾಡುತ್ತೇನೆ. ಸುತ್ತಲಿನ ಊರುಗಳ ಮೆಕ್ಕೆಜೋಳ ಲಾರಿಯಲ್ಲಿ ಬಂದು, ಒಣಗಿ, ಹಿಟ್ಟಾಗಿ, ಬೂಸಾ ಬೆರೆತು ಚೀಲ ಸೇರುತ್ತದೆ. ಆ ಚೀಲಗಳ ಬಾಯಿ ಹೊಲಿಯುವುದು ನನ್ನ ಕೆಲಸ. ನಮ್ಮೂರು ಸೊರಬ ತಾಲ್ಲೂಕಿನದು, ಆನವಟ್ಟಿಯ ಕಡೆ. ದಿನಾ ಕಾರ್ಖಾನೆಯ ವ್ಯಾನಿನಲ್ಲೇ ಹೋಗಿ ಬರುತ್ತೇನೆ.

ಮಾಲತೇಶ ನಮ್ಮದೇ ವ್ಯಾನಿನಲ್ಲಿ ಬರುತ್ತಿದ್ದ. ಬಂದಳಿಕೆಯ ಹತ್ತಿರದ ಊರಿನವನು, ಕುರಿ ಸಾಕುವವರ ಮನೆಯ ಹುಡುಗ. ಹುಡುಗ ಅಂದೆ, ಆದರೆ ಮೂವತ್ತು ದಾಟಿತ್ತು. ತಂದೆ ಇಲ್ಲ, ತಾಯಿ ಹಾಲವ್ವ ಒಬ್ಬಳೇ. ಮಾತು ಕಡಿಮೆ, ನಗು ಜಾಸ್ತಿ. ಕಾರ್ಖಾನೆಯಲ್ಲಿ ಎತ್ತರದ ಕೆಲಸ ಏನಿದ್ದರೂ ಅವನಿಗೇ ಹೇಳುತ್ತಿದ್ದರು. ಜೋಳ ತುಂಬಿಡುವ, ಶೆಡ್ಡಿಗಿಂತ ಎತ್ತರದ ತಗಡಿನ ದೊಡ್ಡ ಡಬ್ಬಿಗಳ ನೆತ್ತಿ, ಶೆಡ್ಡಿನ ಮಾಡು, ದೀಪದ ಕಂಬ, ಯಾವುದಕ್ಕೂ ಅವನು ಇಲ್ಲ ಅಂದದ್ದನ್ನು ನಾನು ಕೇಳಿರಲಿಲ್ಲ.

ಮಳೆಗಾಲಕ್ಕೆ ಮೊದಲು ಆ ಡಬ್ಬಿಗಳ ಮೇಲಿನ ಸಂದುಗಳನ್ನು ಮುಚ್ಚಬೇಕಿತ್ತು. ಅದಕ್ಕೆಂದು ಆಳನ್ನು ಮೇಲೆತ್ತುವ ಒಂದು ಯಂತ್ರವನ್ನು ಬಾಡಿಗೆಗೆ ತರಿಸಿದ್ದರು. ಉದ್ದನೆಯ ಕಬ್ಬಿಣದ ತೋಳು, ತುದಿಯಲ್ಲಿ ಒಬ್ಬಿಬ್ಬರು ನಿಲ್ಲುವಷ್ಟು ಕಟಕಟೆ. ಆಫೀಸಿನವರು ಅದಕ್ಕೆ ಮ್ಯಾನ್‌ಲಿಫ್ಟ್ ಅನ್ನುತ್ತಿದ್ದರು. ನಾವು ಹೆಂಗಸರು ತೊಟ್ಟಿಲು ಅಂತಿದ್ದೆವು. ಮೇಲೆ ಹೋದಾಗ ಗಾಳಿಗೆ ಅದು ತೂಗುವುದು ನೋಡಿದರೆ ಹಾಗೇ ಅನ್ನಿಸುತ್ತಿತ್ತು.

ಆ ದಿನ ಮಧ್ಯಾಹ್ನ ಊಟ ಮುಗಿಸಿ ಬಂದು ನಾನು ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದೆ. ಇದ್ದಕ್ಕಿದ್ದಂತೆ ತಲೆಯ ಮೇಲಿನ ತಗಡಿನ ಮಾಡಿಗೆ ಏನೋ ದೊಪ್ಪನೆ ಬಿತ್ತು. ಕೂಡಲೇ ಏನೋ ಜಾರಿಕೊಂಡು ಹೋದ ಸದ್ದು. ನನ್ನ ತಲೆಯ ಮೇಲಿಂದಲೇ ಶುರುವಾಗಿ ಬಾಗಿಲಿನ ಕಡೆಗೆ ಸರಿಯುತ್ತಾ ಹೋಯಿತು. ಯಾರೂ ಕೂಗಲಿಲ್ಲ. ಆಮೇಲೆ ಬಾಗಿಲಿನಾಚೆ, ಜರಡಿ ಹಿಡಿಯಲು ಸುರಿದಿದ್ದ ಜೋಳದ ಹಿಟ್ಟಿನ ರಾಶಿಯಿಂದ ಧೂಳು ಬೆಳ್ಳಗೆ ಮೋಡದಂತೆ ಎದ್ದಿತು. ಹೊರಗೆ ಏನೂ ಕಾಣದಂತಾಯಿತು.

ನಾವೆಲ್ಲ ಎದ್ದು ನಿಂತೆವು. ಆ ಹಿಟ್ಟಿನ ಧೂಳಿನೊಳಗಿಂದ ಒಂದು ಆಕೃತಿ ನಡೆದು ಬಂತು. ತಲೆಯಿಂದ ಕಾಲಿನವರೆಗೆ ಬಿಳಿ. ಹುಬ್ಬು, ರೆಪ್ಪೆ, ತುಟಿ ಎಲ್ಲ ಬಿಳಿ. ಕಣ್ಣು ಮಾತ್ರ ಕರ್ರಗೆ. ನನ್ನ ಪಕ್ಕದಲ್ಲಿದ್ದವಳು ನನ್ನ ತೋಳು ಹಿಡಿದುಕೊಂಡಳು. ಅವನು ಬಾಗಿಲ ಹತ್ತಿರ ನಿಂತು, ಬಟ್ಟೆಯ ಹಿಟ್ಟನ್ನು ಒಂದೆರಡು ಸಲ ಕೊಡವಿಕೊಂಡು, ಬಹಳ ಸಾವಧಾನವಾಗಿ ಹೇಳಿದ.

“ಮ್ಯಾಲೆ ಇನ್ನೊಬ್ಬ ಅದಾನ. ಅವನ್ನ ಇಳಿಸ್ರಿ.”

ದನಿ ಕೇಳಿದ ಮೇಲೆಯೇ ಅದು ಮಾಲತೇಶ ಅಂತ ನಮಗೆ ತಿಳಿದದ್ದು.

ಸೂಪರ್‌ವೈಸರ್ ಓಡಿ ಬಂದರು. ಕೆಳಗೆ ಯಂತ್ರದ ಹತ್ತಿರ ನಿಂತಿದ್ದ ಆಳು ನಡೆದದ್ದನ್ನು ಹೇಳಿದ. ಮೂಲೆಯ ಒಂದು ಬೋಲ್ಟಿಗೆ ಕೈ ಎಟುಕದೆ ಮಾಲತೇಶ ಸೊಂಟದ ಬೆಲ್ಟಿನ ಕೊಂಡಿ ಬಿಚ್ಚಿ ಕಟಕಟೆಯ ಅಂಚಿನ ಮೇಲೆ ಕಾಲಿಟ್ಟಿದ್ದನಂತೆ. ತೋಳು ಒಮ್ಮೆ ಜಗ್ಗಿದಂತಾಯಿತು, ನೋಡುವಷ್ಟರಲ್ಲಿ ಕಟಕಟೆ ಖಾಲಿ. ಮೇಲೆ ಹೋಗಿದ್ದವನು ಮಾಲತೇಶ ಒಬ್ಬನೇ. ಸೂಪರ್‌ವೈಸರ್ ಎರಡೆರಡು ಸಲ ಕೇಳಿದರು. ಒಬ್ಬನೇ ಸಾರ್ ಅಂದ. ನಾನೂ ಹೊರಗೆ ಹೋಗಿ ತಲೆ ಎತ್ತಿ ನೋಡಿದೆ. ಬಿಸಿಲಿಗೆ ಕಣ್ಣು ಕುಕ್ಕಿತು. ಬರಿದಾದ ಕಟಕಟೆ ಅಷ್ಟೆತ್ತರದಲ್ಲಿ ಮೆಲ್ಲಗೆ ತೂಗುತ್ತಿತ್ತು. ಬೆಲ್ಟಿನ ಹಗ್ಗ ಕೆಳಗೆ ಜೋತಾಡುತ್ತಿತ್ತು. ಯಂತ್ರ ಇನ್ನೂ ಗುರ್ ಅನ್ನುತ್ತಲೇ ಇತ್ತು.

ಆಂಬ್ಯುಲೆನ್ಸ್ ಕರೆಸುತ್ತೇನೆ ಅಂತ ಸೂಪರ್‌ವೈಸರ್ ಫೋನ್ ತೆಗೆದರು. ಮಾಲತೇಶನೇ ಬೇಡ ಅಂದ. ನನಗೇನೂ ಆಗಿಲ್ಲ, ಹಿಟ್ಟಿನ ಮೇಲೆ ಬಿದ್ದೆ, ಮನೆಗೆ ಹೋಗಿ ಮಲಗಿದರೆ ಸರಿ ಹೋಗುತ್ತದೆ ಅಂದ. ಕೈ ಕಾಲು ಆಡಿಸಿ ತೋರಿಸಿದ. ನಾಲ್ಕು ಹೆಜ್ಜೆ ನಡೆದೂ ತೋರಿಸಿದ. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಅಷ್ಟು ಎತ್ತರದಿಂದ ಬಿದ್ದವನು ಎದ್ದು ನಡೆದಾಡುತ್ತಿದ್ದಾನೆ, ದೇವರು ದೊಡ್ಡವನು ಅಂತ ಹಿರಿಯ ಹೆಂಗಸೊಬ್ಬರು ಕೈ ಮುಗಿದರು. ಅವನು ಮಧ್ಯೆ ಮಧ್ಯೆ ಮೇಲೆ ನೋಡಿ ಅದೇ ಮಾತು ಹೇಳುತ್ತಿದ್ದ, ಇನ್ನೊಬ್ಬನನ್ನು ಇಳಿಸಿ ಅಂತ. ಗಾಬರಿಗೆ ಹಾಗಾಗುತ್ತದೆ ಅಂದುಕೊಂಡೆವು. ಅವನ ತಾಯಿಗೆ ಫೋನ್ ಮಾಡಿದರೆ ಹತ್ತಲಿಲ್ಲ. ಕುರಿಯ ಹಿಂದೆ ಹೋದರೆ ಆಕೆ ಫೋನ್ ಮನೆಯಲ್ಲೇ ಬಿಡುತ್ತಾರಂತೆ. ನಮ್ಮ ಬೆಳಗಿನ ಶಿಫ್ಟ್ ಮುಗಿಯುವ ಹೊತ್ತೂ ಆಗಿತ್ತು. ನಮ್ಮ ವ್ಯಾನಿನಲ್ಲೇ ಅವನನ್ನು ಮನೆಗೆ ಮುಟ್ಟಿಸುವುದು ಅಂತಾಯಿತು.

ವ್ಯಾನ್ ಓಡಿಸುವವನು ಬಾಷಾ, ಶಿರಾಳಕೊಪ್ಪದವನು. ದಿನಾ ಏನಾದರೊಂದು ತಮಾಷೆ ಮಾಡದೆ ಗಾಡಿ ಎತ್ತುವವನಲ್ಲ. ಅವತ್ತು ಮಾಲತೇಶನನ್ನು ಮುಂದಿನ ಸೀಟಿಗೆ ಕೂರಿಸಿ ಸುಮ್ಮನೆ ಗಾಡಿ ಬಿಟ್ಟ. ಮಾಲತೇಶ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಹಿಂದಕ್ಕೆ ನೋಡುತ್ತಿದ್ದ. ಕಾರ್ಖಾನೆ ಮರೆಯಾದ ಮೇಲೂ ನೋಡುತ್ತಿದ್ದ.

“ಬಿಟ್ಟು ಬಂದ್ವಿ ಅವನ್ನ,” ಅಂದ. “ಬಿಸಿಲಾಗ ಒಬ್ಬನ ಅದಾನ.”

ಹಿಂದೆ ಕೂತಿದ್ದ ಹೆಂಗಸರಲ್ಲಿ ಒಬ್ಬಳು ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು. ಯಾರಪ್ಪ ಅವನು, ಹೆಸರೇನು ಅಂತ ನಾನು ಕೇಳಿದೆ. ಅವನು ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದ. ಹೆಸರು ಬಾಯಿಗೆ ಬರುತ್ತಿಲ್ಲ ಅಂದ. ನನ್ನದೇ ಅಂಗಿ ಹಾಕಿಕೊಂಡಿದ್ದಾನೆ ಅಂದ. ಇದನ್ನು ಅವನು ಭಯದಿಂದ ಹೇಳಲಿಲ್ಲ. ನಾಳೆ ಮಾರ್ಕೆಟ್ಟು ರಜಾ ಅಂತ ಹೇಳುವವರ ಹಾಗೆ ಹೇಳಿದ.

ಶಿರಾಳಕೊಪ್ಪದಲ್ಲಿ ಉಳಿದವರೆಲ್ಲ ಇಳಿದುಹೋದರು. ಇಳಿಯುವಾಗ ಒಬ್ಬೊಬ್ಬರೂ ಅವನ ಮುಖ ನೋಡಿ ನೋಡಿ ಹೋದರು. ಆಮೇಲೆ ವ್ಯಾನಿನಲ್ಲಿ ಉಳಿದವರು ನಾವು ಮೂವರೇ. ರಸ್ತೆಯ ಎರಡೂ ಕಡೆ ಕಟಾವಾದ ಹೊಲಗಳು, ಬರಿ ಜೋಳದ ಕೂಳೆ. ಒಂದು ಕಾಗೆಯೂ ಇರಲಿಲ್ಲ. ಬಾಷಾ ಕನ್ನಡಿಯಲ್ಲಿ ನನ್ನ ಕಡೆ ನೋಡಿ, ಗಿರಿಜಕ್ಕ, ಇವನಿಗೆ ಏನೋ ಗಾಳಿ ಸೋಕಿದ ಹಾಗೆ ಕಾಣುತ್ತದೆ, ಮೊದಲು ಮನೆಗೆ ಮುಟ್ಟಿಸಿ ಬಿಡೋಣ, ಅವರ ತಾಯಿ ಏನು ಮಾಡುತ್ತಾಳೋ ಮಾಡಲಿ ಅಂತ ಮೆಲ್ಲಗೆ ಹೇಳಿದ. ಆಸ್ಪತ್ರೆಗೆ ತಿರುಗಿಸೋಣ ಅಂತ ನನ್ನ ಮನಸ್ಸಿನಲ್ಲಿತ್ತು. ಆದರೆ ಮಾಲತೇಶ ಬೇಡ ಬೇಡ ಅನ್ನುತ್ತಿದ್ದ, ಒಬ್ಬರ ಮನೆಗೆ ಸುದ್ದಿ ಮುಟ್ಟಿಸುವುದಿದೆ, ಬೇಗ ಹೋಗಬೇಕು ಅನ್ನುತ್ತಿದ್ದ. ಯಾರ ಮನೆಗೆ ಅಂತ ಕೇಳಿದೆ. ಕೈಯೆತ್ತಿ ದಾರಿ ತೋರಿಸಿದ. ಅವನು ತೋರಿಸಿದ್ದು ಅವನ ಊರಿನ ದಾರಿಯನ್ನೇ.

ಊರ ಹೊರಗೆ, ಅವರ ಮನೆಗೆ ಹೊರಳುವಲ್ಲಿ, ಹಾಲವ್ವ ಕುರಿ ಹೊಡೆದುಕೊಂಡು ಬರುತ್ತಿದ್ದರು. ಹೆಗಲ ಮೇಲೆ ಕೋಲು, ತಲೆಗೆ ಸೆರಗು. ಕುರಿಗಳು ದಾರಿ ತುಂಬ ಇದ್ದವು, ಬಾಷಾ ಗಾಡಿ ನಿಲ್ಲಿಸಿದ. ಮಾಲತೇಶ ತಾನೇ ಬಾಗಿಲು ತೆಗೆದು ಇಳಿದ. ನಾನೂ ಹಿಂದೆಯೇ ಇಳಿದೆ.

ಮಗನನ್ನು ನೋಡಿ ಆಕೆ ನಕ್ಕರು. ಮೈ ತುಂಬ ಏನದು, ಹಿಟ್ಟಿನಾಗ ಹೊಳ್ಯಾಡಿ ಬಂದೀಯೇನು ಅಂತ ಕೇಳಿದರು. ಮಾಲತೇಶ ಸ್ವಲ್ಪ ದೂರದಲ್ಲೇ ನಿಂತ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ.

“ಅವ್ವಾರ, ನೀವು ಮಾಲತೇಶನ ತಾಯಿ ಅಲ್ಲೇನ್ರಿ?”

ಆಕೆಯ ಮುಖದ ಮೇಲೆ ನಗು ಇನ್ನೂ ಇತ್ತು. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಿರಬೇಕು.

“ನಿಮ್ಮ ಮಗ ಬಿದ್ದಾನ್ರಿ, ಮ್ಯಾಲಿಂದ. ನಿಮಗ ಹೇಳಿ ಹೋಗಾಣ ಅಂತ ಬಂದೆ.”

ಸುತ್ತ ಕುರಿಗಳು ನಿಂತಿದ್ದವು. ಅವುಗಳ ಕೊರಳ ಗಂಟೆಯೂ ಸದ್ದು ಮಾಡಲಿಲ್ಲ. ಹಾಲವ್ವ ಮಗನನ್ನು ಬಿಟ್ಟು ನನ್ನ ಮುಖ ನೋಡಿದರು. ಹೌದು ಅನ್ನುವಂತೆ ನಾನು ತಲೆ ಆಡಿಸಿದೆ. ಆಕೆ ಕೂಗುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಅಂತ ನಾನು ಹೆದರಿದ್ದೆ. ಹಾಗೇನೂ ಮಾಡಲಿಲ್ಲ. ಕೋಲನ್ನು ನೆಲಕ್ಕೆ ಹಾಕಿ, ಹೊಸಬರೊಡನೆ ಮಾತಾಡುವಂತೆ ಕೇಳಿದರು.

“ಎಲ್ಲಿ ಪೆಟ್ಟಾಗೈತಪ್ಪ ನನ್ನ ಮಗಗ?”

“ಎಡಕ್ಕ ರೀ. ಕಿವಿ ಮ್ಯಾಲೆ. ತಗಡಿನ ಅಂಚು ಬಡೀತು. ನಾ ಕೇಳೇನಿ ಅದನ್ನ.”

ಈ ಸಂಗತಿ ನಮಗೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲಿ ನೋವು ಅಂತ ಕಾರ್ಖಾನೆಯಲ್ಲಿ ಎಷ್ಟು ಜನ ಕೇಳಿದ್ದರೋ, ಎಲ್ಲೂ ಇಲ್ಲ ಅಂದಿದ್ದ. ಹಾಲವ್ವ ಮೆಲ್ಲಗೆ ಮುಂದೆ ಬಂದು ಅವನ ಎಡಗಿವಿಯ ಮೇಲೆ, ಹಿಟ್ಟು ಮೆತ್ತಿದ ಕೂದಲಿನೊಳಗೆ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು. ಕೈ ಹಿಂದಕ್ಕೆ ತೆಗೆದಾಗ ಬೆರಳಿನ ತುದಿಗಳಲ್ಲಿ ಹಿಟ್ಟು ಕಪ್ಪಗೆ ಕಲಸಿದಂತೆ ಅಂಟಿಕೊಂಡಿತ್ತು. ಬಿಸಿಲಿಗೆ ಮುಖ ಮಾಡಿ ನಿಂತಿದ್ದ ಅವನ ಕಣ್ಣುಗಳನ್ನು ಆಗ ನಾನು ಸರಿಯಾಗಿ ನೋಡಿದೆ. ಒಂದು ಕಣ್ಣಿನ ಪಾಪೆ ಚಿಕ್ಕದು. ಇನ್ನೊಂದರದು ಕತ್ತಲಲ್ಲಿ ನೋಡುವವರ ಹಾಗೆ ದೊಡ್ಡದಾಗಿ ತೆರೆದುಕೊಂಡಿತ್ತು.

ಆಸ್ಪತ್ರೆಗೆ ಗಾಡಿ ತಿರುಗಿಸಪ್ಪ ಅಂತ ಆಕೆ ಬಾಷಾನಿಗೆ ಹೇಳಿದರು. ಬಾಷಾ ಗಾಡಿ ತಿರುಗಿಸಿದ. ಕುರಿಗಳನ್ನು ಅಲ್ಲೇ ಬಯಲಿನಲ್ಲಿ ಬಿಟ್ಟು ಹೊರಟೆವು.

ಹಿಂದಿನ ಸೀಟಿನಲ್ಲಿ ಅವನನ್ನು ನಡುವೆ ಕೂರಿಸಿಕೊಂಡು ಆ ಕಡೆ ಹಾಲವ್ವ, ಈ ಕಡೆ ನಾನು ಕೂತೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನ ತಲೆ ತೂಗತೊಡಗಿತು. ನಿದ್ದೆ ಮಾಡಲು ಬಿಡಬಾರದು ಅಂತ ನನಗೆ ಎಲ್ಲೋ ಕೇಳಿದ ನೆನಪು. ಮಾಲತೇಶ, ಮಾಲತೇಶ ಅಂತ ಕೂಗಿದೆ. ಅವನಿಗೆ ಅದು ಸಂಬಂಧವೇ ಇಲ್ಲದ ಹೆಸರಿನಂತೆ, ಕಣ್ಣೂ ತೆರೆಯಲಿಲ್ಲ. ತಾಯಿಯೂ ಕರೆದು ನೋಡಿದರು. ಇಲ್ಲ. ಆಗ ಆಕೆ ಅವನ ಗಲ್ಲ ಹಿಡಿದು ಬೇರೆ ದನಿಯಲ್ಲಿ ಅಂದರು:

“ತಮ್ಮಾ, ನನ್ನ ಮಗನ ಸುದ್ದಿ ಹೇಳ್ತೀನಿ ಅಂದಿ. ಅರ್ಧಕ್ಕ ಬಿಟ್ಟಿಯಲ್ಲ.”

ಅವನು ಕಣ್ಣು ಬಿಟ್ಟ. ತಪ್ಪಾತು ರೀ ಅಂದ.

ಆಮೇಲೆ ಶಿರಾಳಕೊಪ್ಪ ಬರುವವರೆಗೆ ಆಕೆ ಅದನ್ನು ಬಿಡಲಿಲ್ಲ. ಹೆತ್ತ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪರ ಊರಿನವನೊಬ್ಬನನ್ನು ವಿಚಾರಿಸುವಂತೆ ವಿಚಾರಿಸಿದರು. ನನ್ನ ಮಗ ಕೆಲಸದಲ್ಲಿ ಹೇಗೆ, ಊಟ ಸರಿಯಾಗಿ ಮಾಡುತ್ತಿದ್ದನೋ ಇಲ್ಲವೋ, ಜೊತೆಯವರೊಡನೆ ಹೇಗಿದ್ದ. ಅವನು ಒಂದೊಂದಕ್ಕೂ ಉತ್ತರ ಕೊಟ್ಟ. ರೊಟ್ಟಿ ಪೂರ್ತಿ ತಿನ್ನುವುದಿಲ್ಲ, ಅರ್ಧ ನಾಯಿಗೆ ಹಾಕುತ್ತಾನೆ ಅಂದ. ಜೊತೆಯವರಿಗೆ ಅವನೆಂದರೆ ಇಷ್ಟ ಅಂದ. ಕನ್ನಡಿಯಲ್ಲಿ ಬಾಷಾನ ಕಣ್ಣು ಕಾಣುತ್ತಿತ್ತು. ಅವನು ರಸ್ತೆ ಬಿಟ್ಟು ಬೇರೆ ಕಡೆ ನೋಡಲಿಲ್ಲ, ತುಟಿ ಮಾತ್ರ ಸದ್ದಿಲ್ಲದೆ ಏನೋ ಪಠಿಸುತ್ತಿತ್ತು.

ಮಾಲತೇಶನ ನಾಲಿಗೆ ದಪ್ಪವಾಗುತ್ತಾ ಬಂತು. ಬಲಗೈ ತೊಡೆಯಿಂದ ಜಾರಿ ಸೀಟಿನ ಮೇಲೆ ಬಿತ್ತು, ಅವನಿಗೆ ಅದು ಗೊತ್ತಾಗಲಿಲ್ಲ. ಆ ಹೊತ್ತಿನಲ್ಲಿ ಯಾರೂ ಕೇಳದೆಯೇ ಅವನು ಒಂದು ಮಾತು ಹೇಳಿದ.

“ಎತ್ತರ ಅಂದ್ರ ಅಂಜಿಕಿ ರೀ ಅವಗ. ದಿನಾ ಹತ್ತುವಾಗ ಕಣ್ಣು ಮುಚ್ಚಿಕೊಂತಾನ. ಯಾರಿಗೂ ಹೇಳಿಲ್ಲ.”

“ನನಗೂ ಹೇಳಿಲ್ಲಪ್ಪ,” ಅಂದರು ಹಾಲವ್ವ.

“ನಿಮಗ ಹೇಳಬ್ಯಾಡ ಅಂದಾನ್ರಿ.”

ಆಮೇಲೆ ಅವನು ಮಾತಾಡಲಿಲ್ಲ. ಆಕೆ ಎಷ್ಟು ಕೇಳಿದರೂ ಮಾತಾಡಲಿಲ್ಲ. ಉಸಿರು ಮಾತ್ರ ಗೊರಗೊರ ಅನ್ನುತ್ತಿತ್ತು.

ಶಿರಾಳಕೊಪ್ಪದ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರು ಹೆಣ್ಣುಮಗಳು. ಅವನ ಕಣ್ಣಿಗೆ ಟಾರ್ಚ್ ಹಾಕಿ ನೋಡಿದವರೇ ಆಂಬ್ಯುಲೆನ್ಸಿಗೆ ಹೇಳಿದರು. ಎಲ್ಲಿ ಪೆಟ್ಟು ಅಂತ ಕೇಳಿದಾಗ ಹಾಲವ್ವ, ಎಡಗಿವಿಯ ಮೇಲೆ, ತಗಡಿನ ಅಂಚು ಅಂತ ನೋಡಿದವರಂತೆ ಹೇಳಿದರು. ಡಾಕ್ಟರು ಅದನ್ನು ಬರೆದುಕೊಂಡು, ಶಿವಮೊಗ್ಗದ ಆಸ್ಪತ್ರೆಗೆ ಫೋನಿನಲ್ಲೇ ತಿಳಿಸಿ, ಆಪರೇಷನ್ನಿಗೆ ತಯಾರಿ ಮಾಡಿಕೊಳ್ಳಲು ಹೇಳಿದರು. ತಲೆಬುರುಡೆಯ ಒಳಗೆ ರಕ್ತ ಸೇರುತ್ತಿದೆ, ಇಂಥ ಪೆಟ್ಟಿನಲ್ಲಿ ಮನುಷ್ಯ ಮೊದಲು ಎದ್ದು ಓಡಾಡುತ್ತಾನೆ, ಎಲ್ಲರೂ ಮೋಸ ಹೋಗುತ್ತಾರೆ, ಮನೆಯಲ್ಲಿ ಮಲಗಿಸಿದ್ದರೆ ಏಳುತ್ತಿರಲಿಲ್ಲ ಅಂತ ನನಗೆ ಹೇಳಿದರು. ಅವನು ಮಾತಾಡಿದ ರೀತಿಯನ್ನು ನಾನು ವಿವರಿಸಿದಾಗ, ಮಿದುಳಿಗೆ ಏಟಾದಾಗ ಹಾಗೂ ಆಗುವುದುಂಟು ಅಂದರು. ಅಷ್ಟೇ ಅಂದು ಬೇರೆ ರೋಗಿಯ ಕಡೆ ಹೋದರು.

ಹಾಲವ್ವ ಆಂಬ್ಯುಲೆನ್ಸ್ ಹತ್ತಿದರು. ಬಾಗಿಲು ಹಾಕುವ ಮುಂಚೆ ನನಗೆ ಹೇಳಿದ್ದು ಒಂದೇ ಮಾತು, ತಂಗಿ, ಕುರಿ ಬಯಲಾಗ ಅದಾವು.

ನಾನು, ಬಾಷಾ ವಾಪಸ್ಸು ಹೋದೆವು. ಹೊತ್ತು ಇಳಿಯುತ್ತಿತ್ತು. ಕುರಿಗಳು ಚದುರಿ ಎಲ್ಲೆಲ್ಲಿಗೋ ಹೋಗಿರುತ್ತವೆ ಅಂದುಕೊಂಡಿದ್ದೆವು. ಹೋಗಿರಲಿಲ್ಲ. ನಾವು ಬಿಟ್ಟು ಹೋದ ಜಾಗದಲ್ಲೇ, ಅಷ್ಟೂ ಕುರಿಗಳು ಒಂದಕ್ಕೊಂದು ಅಂಟಿಕೊಂಡು, ವ್ಯಾನ್ ಹೋದ ದಿಕ್ಕಿಗೇ ಮುಖ ಮಾಡಿ ನಿಂತಿದ್ದವು. ಒಂದೂ ಮೇಯುತ್ತಿರಲಿಲ್ಲ. ಬಾಷಾ ಗಾಡಿಯ ಬಾಗಿಲು ತೆಗೆಯಲು ಹಿಂಜರಿದ. ಕೊನೆಗೆ ಇಳಿದು, ಹಾಲವ್ವ ಹಾಕಿದ್ದ ಕೋಲು ಎತ್ತಿಕೊಂಡು, ಗೊತ್ತಿದ್ದಷ್ಟು ಹೋ ಹೋ ಅನ್ನುತ್ತಾ ಹಟ್ಟಿಗೆ ಹೊಡೆದೆವು. ಜನ್ಮದಲ್ಲಿ ಕುರಿ ಮುಟ್ಟದ ಬಾಷಾ ಒಂದು ಮರಿಯನ್ನು ಎದೆಗವಚಿಕೊಂಡು ನಡೆದ. ಪಕ್ಕದ ಮನೆಯವರಿಗೆ ವಿಷಯ ತಿಳಿಸಿ ಬಂದೆವು. ದಾರಿಯಲ್ಲಿ ಅವನು, ಗಿರಿಜಕ್ಕ, ಅವನನ್ನು ನಾನು ಮನೆಯಲ್ಲಿ ಇಳಿಸಿ ಬಂದುಬಿಡುತ್ತಿದ್ದೆ ಅಂತ ಹೇಳಿ ಅತ್ತುಬಿಟ್ಟ.

ಮಾಲತೇಶ ಬದುಕಿದ. ಅದೇ ಸಂಜೆ ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಬಹಳ ದಿನ ಎಚ್ಚರ ತಪ್ಪಿಯೇ ಇದ್ದ. ಮಾತು ತಿರುಗಿ ಬರಲು ಆ ವರ್ಷದ ಮಳೆಗಾಲ ಮುಗಿಯಬೇಕಾಯಿತು. ಬಲಗೈಯಲ್ಲಿ ಈಗಲೂ ಪೂರ್ತಿ ಬಲ ಇಲ್ಲ. ಕಾರ್ಖಾನೆಗೆ ಮತ್ತೆ ಬರಲಿಲ್ಲ, ತಾಯಿಯ ಜೊತೆ ಕುರಿ ನೋಡಿಕೊಂಡಿದ್ದಾನೆ. ಚಿಕಿತ್ಸೆಯನ್ನು ಕಾರ್ಖಾನೆಯವರು ನೋಡಿಕೊಂಡರು. ಆಮೇಲೆ ಸರ್ಕಾರದ ಕಡೆಯವರು ಬಂದು ಆ ಯಂತ್ರವನ್ನು ಪರೀಕ್ಷೆ ಮಾಡಿದರು, ಅದು ಹೋಯಿತು, ಬೇರೆಯದು ಬಂತು. ಈಗ ಕೊಂಡಿ ಹಾಕಿದ್ದನ್ನು ಇನ್ನೊಬ್ಬರು ನೋಡದೆ ಯಾರನ್ನೂ ಮೇಲೆ ಕಳಿಸುವುದಿಲ್ಲ. ಕಟಕಟೆಯ ಅಂಚಿಗೆ ಕಾಲಿಟ್ಟರೆ ಅವತ್ತಿನ ಕೆಲಸ ಅಲ್ಲಿಗೆ ಮುಗಿಯಿತು. ಬಿದ್ದವರು ಏನೂ ಆಗಿಲ್ಲ ಅಂದರೂ ಅವರ ಮಾತು ಕೇಳದೆ ಆಸ್ಪತ್ರೆಗೆ ಒಯ್ಯುವುದು ಅಂತಲೂ ಆಗಿದೆ. ಸೂಪರ್‌ವೈಸರೇ ಮುಂದೆ ನಿಂತು ಮಾಡಿಸಿದರು. ಅವರೂ ಆ ದಿನದಿಂದ ಬದಲಾಗಿದ್ದಾರೆ.

ಹೋದ ವರ್ಷ ಬನಶಂಕರಿ ಗುಡಿಗೆಂದು ಬಂದಳಿಕೆಗೆ ಹೋದವಳು ಅವರ ಮನೆಗೂ ಹೋಗಿದ್ದೆ. ಹಾಲವ್ವ ಚಹಾ ಮಾಡಿದರು. ಮಾಲತೇಶ ಎದುರು ಕೂತು ನಿಧಾನವಾಗಿ, ಒಂದೊಂದೇ ಶಬ್ದ ಹುಡುಕಿಕೊಂಡು ಮಾತಾಡಿದ. ಆ ದಿನದ್ದು ಅವನಿಗೆ ಏನೇನೂ ನೆನಪಿಲ್ಲ. ಬೆಳಿಗ್ಗೆ ವ್ಯಾನ್ ಹತ್ತಿದ್ದು ಕೊನೆಯ ನೆನಪು. ಚಹಾ ಕುಡಿಯುತ್ತಾ ಇದ್ದಕ್ಕಿದ್ದಂತೆ ಕೇಳಿದ.

“ಅಕ್ಕಾರ, ಅವತ್ತು ದಾರಿಯಾಗ ನಾ ಏನರ ಮಾತಾಡಿದೆನ? ಅವ್ವ ಹೇಳವಲ್ಲಳು.”

ಒಲೆಯ ಮುಂದೆ ಹಾಲವ್ವನ ಕೈ ನಿಂತಿತು. ನನ್ನ ಕಡೆ ತಿರುಗಿ ನೋಡಲಿಲ್ಲ, ನಿಂತಲ್ಲೇ ನಿಂತರು.

“ಇಲ್ಲ ಮಾರಾಯ,” ಅಂದೆ. “ದಾರಿ ಉದ್ದಕ್ಕೂ ನಿದ್ದೆ ಮಾಡಿದ್ದಿ.”

ಅವನಿಗೆ ಸಮಾಧಾನವಾದಂತೆ ಕಂಡಿತು. ಎತ್ತರದ ಅಂಜಿಕೆ ತನಗೆ ಯಾವತ್ತೂ ಇರಲಿಲ್ಲ, ಅವತ್ತು ಗಾಳಿ ಜಾಸ್ತಿ ಇದ್ದಿರಬೇಕು, ಇಲ್ಲದಿದ್ದರೆ ತಾನು ಬೀಳುವವನಲ್ಲ ಅಂದ. ಹೌದಪ್ಪ, ಗಾಳಿ ಇತ್ತಂತೆ ಅಂದರು ಹಾಲವ್ವ.

ಡಾಕ್ಟರು ಹೇಳಿದ ಕಾರಣವನ್ನು ನಾನು ನಂಬುತ್ತೇನೆ. ಏಟು ಬಿದ್ದ ತಲೆ ಏನೇನೋ ಆಡಿಸುತ್ತದೆ, ಅಷ್ಟೇ. ಆದರೂ ಹಿಟ್ಟು ಮೆತ್ತಿಕೊಂಡು ಆ ತಾಯಿಯ ಮುಂದೆ ಕೈ ಮುಗಿದು ನಿಂತವನು ನನ್ನ ಕಣ್ಣಿನಿಂದ ಹೋಗಿಲ್ಲ. ಮಾಲತೇಶ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದನ್ನೆಲ್ಲ ಅವನು ಹೇಳಿದ, ಪೆಟ್ಟು ಬಿದ್ದ ಜಾಗ ತೋರಿಸಿದ, ಕೆಲಸ ಮುಗಿಸಿದವನಂತೆ ಸುಮ್ಮನಾದ. ಅವನು ಬಂದಿರದಿದ್ದರೆ ಇವನು ಉಳಿಯುತ್ತಿರಲಿಲ್ಲ. ಅವನು ಯಾರೇ ಆಗಿರಲಿ, ಆ ದಿನ ಒಂದು ಲೋಟ ನೀರಾದರೂ ಕೊಟ್ಟು ಕಳಿಸಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.